ನಲವತ್ತೊಂದು ತಪ್ಪಿನ ದೆವ್ವ

ತುಂಗಭದ್ರೆಯ ದಡದಲ್ಲಿ ಮರುಳಯ್ಯನವರ ಆಶ್ರಮ. ಗುರುಗಳಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ.

ಸುತ್ತಲಿನ ಊರವರಿಗೆ ಇದು ಗೊತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲೇ, ಮನೆಮಂದಿಯನ್ನೇ ಸೇರಿಸಿಕೊಂಡು, ಹಳೇ ಸೀರೆಯನ್ನೇ ದೆವ್ವಕ್ಕೆ ಉಡಿಸಿ ಅವರು ಸಿನಿಮಾ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ದಾಸೋಹದ ಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಟಮಟ ಮಧ್ಯಾಹ್ನ, ಅವನ್ನೆಲ್ಲ ಗೋಡೆಯ ಮೇಲೆ ತೋರಿಸುವ ಪದ್ಧತಿ. ಗೆದ್ದವರಿಗೆ ಒಂದು ಬೂದುಗುಂಬಳಕಾಯಿ. ದೃಷ್ಟಿ ತೆಗೆಯೋಕೂ ಆಯಿತು, ಹುಳಿಗೂ ಆಯಿತು ಎನ್ನುತ್ತಿದ್ದರು ಗುರುಗಳು.

ಶಿಷ್ಯ ಇಂದುಧರ ಆಶ್ರಮಕ್ಕೆ ಬರುವ ಮೊದಲು ಆರು ವರ್ಷ ಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆದವನು. ಅವನ ಬರಹ ಓದಿ ಸಿನಿಮಾಕ್ಕೆ ಹೋದವರಿಗಿಂತ ಹೋಗದೆ ಮನೆಯಲ್ಲಿ ಉಳಿದವರೇ ಹೆಚ್ಚು.

"ಈ ಸಲ ತೀರ್ಪು ನಿನ್ನದು" ಎಂದರು ಗುರುಗಳು.

"ಏನನ್ನು ನೋಡಿ ತೀರ್ಪು ಕೊಡಲಿ, ಗುರುಗಳೇ?"

"ಸಿನಿಮಾ ನೋಡಿ."

ಇದೇನು ಉತ್ತರ ಎಂದುಕೊಂಡು ಇಂದುಧರ ಹೊಸ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಹೋಗಿ ಕೂತ.

ಮೂರು ಸಿನಿಮಾ ಬಂದಿದ್ದವು. ಮೊದಲನೆಯದರಲ್ಲಿ ತೇಲುವ ತಲೆಬುರುಡೆಯ ದಾರ ಕಾಣುತ್ತಿತ್ತು. ಬರೆದುಕೊಂಡ. ಎರಡನೆಯದರಲ್ಲಿ ಶವ ಸೀನಿತು. ಬರೆದುಕೊಂಡ. ಮೂರನೆಯದರಲ್ಲಿ ದೆವ್ವದ ಕೈಯಲ್ಲಿ ವಾಚು, ಬೆನ್ನಹಿಂದೆ ಯಾರದೋ ಸ್ಕೂಟರು. ಅದನ್ನೂ ಬರೆದುಕೊಂಡ.

ಜನ ಕಿರುಚಿದರು, ಬಿದ್ದು ಬಿದ್ದು ನಕ್ಕರು. ಗುರುಗಳು ಪಕ್ಕದಲ್ಲಿದ್ದ ಅಡುಗೆಭಟ್ಟನ ತೋಳು ಹಿಡಿದು "ಅಯ್ಯಯ್ಯೋ, ಹಿಂದೆ ನೋಡೇ ತಾಯಿ!" ಎಂದು ಕೂಗಿದರು.

ಕಂಬಳಿ ಸರಿಸಿದಾಗ ಇಂದುಧರ ಎದ್ದು ನಿಂತ.

"ಈ ವರ್ಷ ಯಾರಿಗೂ ಬಹುಮಾನ ಇಲ್ಲ. ಮೂರನೆಯ ಸಿನಿಮಾ ಒಂದರಲ್ಲೇ ನಲವತ್ತು ತಪ್ಪುಗಳಿವೆ." ಒಂದೊಂದಾಗಿ ಓದಿದ.

ಮೂರನೆಯ ಸಿನಿಮಾ ಮಾಡಿದವಳು ಹಾಲಮ್ಮ, ಆಚೆ ದಡದ ಊರಲ್ಲಿ ಬಟ್ಟೆ ಹೊಲಿಯುವವಳು. ಅವಳು ಕೈ ಎತ್ತಿದಳು.

"ಒಂದು ಬಿಟ್ರಿ ಸಾರ್. ದೆವ್ವದ ಪಾದ ಹಿಂದುಮುಂದಾಗಿರ್ಬೇಕು ಅಂತ ಚಪ್ಪಲಿ ತಿರುಗಿಸಿ ಕಟ್ಟಿದ್ವಿ. ಒಂದು ಕಡೆ ಮರೆತು ಸರಿಯಾಗೇ ಹಾಕ್ಕೊಂಡುಬಿಟ್ಟೈತೆ. ನಲವತ್ತೊಂದು ಮಾಡ್ಕೊಳ್ಳಿ."

ದಾಸೋಹದ ಮನೆಯೇ ಹಾರಿಹೋಗುವಂತೆ ಜನ ನಕ್ಕರು. ಇಂದುಧರ ನಲವತ್ತೊಂದು ಎಂದು ತಿದ್ದಿಕೊಂಡ.

ಆಗ ಹಾಲಮ್ಮನ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಗೋಡೆ ಹಿಡಿದು ಎದ್ದಳು. ಹಾಲಮ್ಮನ ಅತ್ತೆ, ಕೆಂಚವ್ವ. ಎಪ್ಪತ್ತಾರು ವರ್ಷ. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದಿದ್ದಳು.

"ಎಲ್ಲಾರ್ದೂ ಹೇಳ್ದೆ. ನಂದು ಹೆಂಗಿತ್ತಪ್ಪಾ?"

ಇಂದುಧರ ಅವಳ ಮುಖ ನೋಡಿದ. ನೋಟ್‌ಬುಕ್ ನೋಡಿದ. ಮತ್ತೆ ಮುಖ ನೋಡಿದ.

"ನಿಮ್ಮದು... ಯಾವ ಪಾತ್ರ, ಅಜ್ಜಿ?"

ನಗು ನಿಂತುಹೋಯಿತು. ಕೆಂಚವ್ವ ಮೆಲ್ಲಗೆ ಕೂತು ಸೆರಗು ಸರಿಮಾಡಿಕೊಂಡಳು. ಸಿನಿಮಾದುದ್ದಕ್ಕೂ ಇದ್ದವಳು ಅವಳೇ.

ಇಂದುಧರನ ಕಿವಿ ಬಿಸಿಯಾಯಿತು. ಗುರುಗಳು ಬೈಯುತ್ತಾರೆ ಎಂದು ಕಾದ. ಅವರು ಬೈಯಲಿಲ್ಲ.

"ತೀರ್ಪು ನಾಳೆಗಿರಲಿ. ನಾಳೆ ಮಧ್ಯಾಹ್ನದೊಳಗೆ ನೀನೊಂದು ದೆವ್ವದ ಸಿನಿಮಾ ಮಾಡು. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತಿನದು ಸಾಕು. ನನ್ನನ್ನ ಹೆದರಿಸಬೇಕು."

"ಗುರುಗಳೇ, ನನಗೆ ಸಿನಿಮಾ ಮಾಡೋಕೆ ಬರಲ್ಲ."

"ಅವರಿಗೂ ಬರಲ್ಲ ಅಂತ ಈಗ ತಾನೇ ಹೇಳಿದೆಯಲ್ಲ."

ಆವತ್ತು ಯಾರೂ ಊರಿಗೆ ಹೋಗಲಿಲ್ಲ. ವಿಮರ್ಶಕನ ಸಿನಿಮಾ ಬಿಟ್ಟು ಹೋಗುವುದುಂಟೇ?

ಬೆಳಗ್ಗೆ ಇಂದುಧರ ಮುಖಕ್ಕೆಲ್ಲ ವಿಭೂತಿ ಬಳಿದುಕೊಂಡು, ಬಿಳೀ ಸೀರೆ ಸುತ್ತಿಕೊಂಡು ಹೊಳೆಯ ಮೆಟ್ಟಿಲಿಗೆ ಹೋದ. ಫೋನು ಹಿಡಿಯಲು ಹಾಲಮ್ಮ ತಾನಾಗಿಯೇ ಬಂದಳು.

ಕಂಬದ ಹಿಂದಿನಿಂದ ಅವನು ಜಿಗಿಯುವ ಮೊದಲೇ ನೆರಳು ಜಿಗಿದಿರುತ್ತಿತ್ತು. ನೆರಳು ಸರಿಹೋದರೆ ಸೀರೆ ಬಿಚ್ಚುತ್ತಿತ್ತು. ಸೀರೆ ನಿಂತರೆ ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅಗಸನ ಮೇಕೆ ಬಂದು ಎದುರಿಗೆ ನಿಲ್ಲುತ್ತಿತ್ತು. ಹನ್ನೊಂದು ಸಲ ಜಿಗಿದ. ಬೆವರಿಗೆ ವಿಭೂತಿ ಇಳಿದು ಬಾಯಿಗೆ ಬಂತು.

"ಸಾರ್, ನಾವು ಇದನ್ನ ನಾಕು ತಿಂಗಳು ಮಾಡಿದ್ವಿ" ಎಂದಳು ಹಾಲಮ್ಮ. ಕುಟುಕುವ ದನಿಯಲ್ಲ, ಸಮಾಧಾನ ಹೇಳುವ ದನಿ.

ಮೇಲಿನ ಮೆಟ್ಟಿಲಲ್ಲಿ ಕೂತು ಎಲೆಯಡಿಕೆ ಕುಟ್ಟಿ ಹಾಕಿಕೊಳ್ಳುತ್ತಿದ್ದ ಕೆಂಚವ್ವನಿಗೆ ಇನ್ನು ತಡೆಯಲಾಗಲಿಲ್ಲ.

"ಹೆದರಿಸೋಕೆ ಬರಬ್ಯಾಡಪ್ಪಾ. ಏನೋ ಬಿಟ್ಟುಹೋಗಿದ್ದೀಯ. ಅದನ್ನ ಹುಡುಕ್ಕೊಂಡು ಬಾ."

ಇಂದುಧರ ಅಲ್ಲಾಡದೆ ನಿಂತ. "ಇದನ್ನ ಎಲ್ಲಿ ಕಲಿತ್ರಿ, ಅಜ್ಜಿ?"

"ನಮ್ಮ ಸಿನಿಮಾದಾಗೆ ಅದೇ ಇತ್ತಲ್ಲೋ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಹಾಲಮ್ಮನ ಫೋನು ಇಸಕೊಂಡು, ಮೂರನೆಯ ಸಿನಿಮಾವನ್ನು ಮೊದಲ ಸಲ ನೋಡಿದ.

ಸತ್ತ ಸೊಸೆ ದೆವ್ವವಾಗಿ ಅತ್ತೆಯನ್ನು ಹೆದರಿಸಲು ಬರುತ್ತಾಳೆ. ಅಡುಗೆಮನೆಯಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ತಟ್ಟುತ್ತಿದ್ದಾಳೆ. ದೆವ್ವ ಹತ್ತಿರ ಬರುತ್ತದೆ. ಉಗುರು ಚಾಚುತ್ತದೆ. ಅತ್ತೆ ತಿರುಗುವುದಿಲ್ಲ.

"ಬಂದ್ಯೇನೇ? ಹಾಲು ಉಕ್ತೈತೆ, ಇಳಿಸು."

ದೆವ್ವ ಓಡಿಹೋಗಿ ಸೆರಗಿನಿಂದ ಹಾಲಿನ ಪಾತ್ರೆ ಹಿಡಿದು ಇಳಿಸುತ್ತದೆ.

ಆಮೇಲೆ ಇಬ್ಬರಿಗೂ ನೆನಪಾಗುತ್ತದೆ.

ರೊಟ್ಟಿ ತಟ್ಟುತ್ತಿದ್ದ ಕೈ ನಿಂತುಬಿಟ್ಟಿದೆ. ಅಷ್ಟೇ. ಕೆಂಚವ್ವ ಬೇರೇನೂ ಮಾಡಿಲ್ಲ.

ಇಂದುಧರನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು. ಕಣ್ಣು ಒದ್ದೆಯಾಯಿತು. ಅದೇ ಹೊತ್ತಿಗೆ ದೆವ್ವದ ವಾಚು ಬೀಪ್ ಎಂದಿತು. ಅವನಿಗೆ ನಗು ತಡೆಯಲಾಗಲಿಲ್ಲ. ಬೂದಿ ಬಳಿದ ಮುಖದಲ್ಲಿ ಅಳುತ್ತ ನಗುತ್ತ ಕೂತವನನ್ನು ಕಂಡು ಮೇಕೆಯೇ ಹೆದರಿ ಓಡಿತು.

"ಅಜ್ಜಿ" ಎಂದು ಕೆಂಚವ್ವನ ಪಾದ ಮುಟ್ಟಿದ. "ನಿನ್ನೆ ನಾನು ನೋಡಲೇ ಇಲ್ಲ."

"ಈಗ ನೋಡಿದೆಯಲ್ಲ. ಹೆಂಗಿತ್ತು?"

"ಹೆದರಿಕೆಯಾಯ್ತು."

ಕೆಂಚವ್ವ ಬೊಚ್ಚುಬಾಯಿ ತುಂಬ ನಕ್ಕಳು.

ಮಧ್ಯಾಹ್ನ ಮತ್ತೆ ಕಂಬಳಿ ಕಟ್ಟಿದರು. ಇಂದುಧರನ ದೆವ್ವ ಗೋಡೆಯ ಮೇಲೆ ಬಂತು. ಮೆಟ್ಟಿಲ ಮೇಲೆ ತಾನು ಬಿಟ್ಟುಹೋದ ಚೊಂಬು ಹುಡುಕುತ್ತ ನಾಲ್ಕು ಹೆಜ್ಜೆ ನಡೆಯಿತು. ಐದನೆಯ ಹೆಜ್ಜೆಗೆ ಅದೇ ಮೇಕೆ ವಾಪಸ್ ಬಂದು ಸೆರಗು ಕಚ್ಚಿ ಎಳೆಯಿತು. ದೆವ್ವ ಹೊಳೆಗೆ ಬಿತ್ತು. ಸಿನಿಮಾ ಮುಗಿಯಿತು.

ಗುರುಗಳು ನಕ್ಕು ನಕ್ಕು ಅಡುಗೆಭಟ್ಟನ ಮೇಲೆ ಒರಗಿದರು. "ಇನ್ನೊಂದ್ಸಲ ಹಾಕ್ರೋ!" ಎಂದರು. ಮೂರು ಸಲ ಹಾಕಿದರು. ಮೂರನೆಯ ಸಲಕ್ಕೆ ಇಂದುಧರನೂ ಜನರ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ತೀರ್ಪಿನ ಹೊತ್ತಿಗೆ ಅವನು ಏನನ್ನೂ ಓದಲಿಲ್ಲ. ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೆಂಚವ್ವನ ಮಡಿಲಿಗಿಟ್ಟ. ದಾಸೋಹದ ಮನೆಯಲ್ಲಿ ಶಿಳ್ಳೆಯೋ ಶಿಳ್ಳೆ.

ಎಲ್ಲರೂ ಊರಿಗೆ ಹೊರಟ ಮೇಲೆ ಗುರುಗಳ ಜೊತೆ ಕಂಬಳಿ ಮಡಚುತ್ತ ಇಂದುಧರ ಕೇಳಿದ:

"ಗುರುಗಳೇ, ನಿಮ್ಮನ್ನ ಹೆದರಿಸೋಕೆ ನನ್ನ ಕೈಲಿ ಆಗಲೇ ಇಲ್ಲ, ಅಲ್ಲವೇ?"

"ಹೆದರಿಸಿದೆಯಪ್ಪಾ, ನಿನ್ನೆ. ಮನೆ ತುಂಬ ಜನ ನಗುತ್ತಿದ್ದರು, ಒಬ್ಬ ಮಾತ್ರ ನಗದೆ ಕೂತಿದ್ದ."