ನಂಬಿಗಸ್ತ ಬಂದೂಕು

ಮಲಪ್ರಭೆಯ ದಂಡೆಯಲ್ಲಿ ಅಡಿವೆಜ್ಜನ ಆಶ್ರಮ. ಆಶ್ರಮವೆಂದರೆ ಒಂದು ಜೋಪಡಿ, ಒಂದು ಕುಲುಮೆ, ಒಂದು ಬೇವಿನ ಮರ. ವಿರಕ್ತನಾಗುವ ಮೊದಲು ಅಜ್ಜ ದೇಸಾಯರ ವಾಡೆಗೆ ಬಂದೂಕು ಮಾಡಿಕೊಡುತ್ತಿದ್ದ. ಈಗ ಸುತ್ತಲಿನ ಊರವರ ಕುಡುಗೋಲು ತಟ್ಟಿಕೊಡುತ್ತಿದ್ದ. ಕೇಳಿದವರಿಗೆ ಎರಡು ಮಾತು ಹೇಳುತ್ತಿದ್ದ.

ಒಂದು ಮುಂಜಾನೆ ಸೋಮಲಿಂಗನೆಂಬ ರೈತ ಬಂದು ಅವನ ಕಾಲಿಗೆ ಬಿದ್ದ.

“ಅಜ್ಜಾರ, ನನಗ ಬಂದೂಕು ಮಾಡೂದು ಕಲಸ್ರಿ. ಕೈಯಾಗ ರೊಕ್ಕ ಕಮ್ಮಿ. ಆದರ ಬಂದೂಕು ಕೈ ಕೊಡಬಾರದು.”

“ಯಾತಕ್ಕಪಾ ಬಂದೂಕು?”

“ಹಂದಿ ಕಾಟ ಭಾಳ ಆಗೇತ್ರಿ.”

“ಆ ಹಂದಿಗೆ ಹೆಸರು ಐತೇನು?”

ಸೋಮಲಿಂಗ ನೆಲ ನೋಡಿದ.

“ಐತ್ರಿ. ಬರಮಗೌಡ.”

ಬರಮಗೌಡ ಅವನ ದೊಡ್ಡಪ್ಪನ ಮಗ. ಹೊಲದ ಬದುವಿನ ಜಗಳದಲ್ಲಿ ಸೋಮಲಿಂಗನ ಅಪ್ಪನನ್ನು ಕೊಡಲಿಯಿಂದ ಕಡಿದು ಹಾಕಿದ್ದ. ಕಣ್ಣಾರೆ ಕಂಡವರು ನಾಲ್ಕು ಮಂದಿ. ಪಂಚರ ಮುಂದೆ ನಾಲ್ವರೂ ಏನೂ ಕಂಡಿಲ್ಲವೆಂದರು. ಮನೆಯಲ್ಲಿ ಉಳಿದವರು ಅವ್ವ ಮತ್ತು ತಮ್ಮ ಈರಣ್ಣ.

ಅಜ್ಜ ಬೈದು ಕಳಿಸುತ್ತಾನೆಂದು ಸೋಮಲಿಂಗ ಕಾದ. ಅಜ್ಜ ಬೈಯಲಿಲ್ಲ.

“ಕಲಸ್ತೀನಿ. ಕಮ್ಮಿ ರೊಕ್ಕದಾಗೂ ಚಲೋ ಬಂದೂಕು ಆಕ್ಕೈತಿ. ಆದರ ಒಂದೊಂದು ಸಾಮಾನೂ ನಂಬಿಗಸ್ತ ಇರಬೇಕು. ನಾ ಹೂಂ ಅನ್ನೂತನಕ ಮುಂದಿಂದಕ್ಕ ಕೈ ಹಚ್ಚಬಾರದು.”

ಸೋಮಲಿಂಗ ಸಂತೆಯ ಹಳೇ ಕಬ್ಬಿಣದ ರಾಶಿ ಕೆದಕಿ ಒಂದು ನಳಿಗೆ ತಂದ. ಅಜ್ಜ ಅದನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದ.

“ಬ್ಯಾಡ. ಜಂಗು ಹಿಡದೈತಿ.”

ಸೋಮಲಿಂಗನೂ ಇಣುಕಿದ. ಅವನಿಗೆ ತುಕ್ಕು ಕಾಣಲಿಲ್ಲ. ಗುರುವಿನ ಕಣ್ಣೇ ಬೇರೆ ಅಂದುಕೊಂಡು ಮತ್ತೆ ಸಂತೆಗೆ ಹೋದ.

ಎರಡನೆಯದಕ್ಕೆ ಬೆಸುಗೆ ಸರಿಯಿಲ್ಲ ಎಂದ. ಮೂರನೆಯದಕ್ಕೆ ಹೂಂ ಎನ್ನುವ ಹೊತ್ತಿಗೆ ವರ್ಷ ಉರುಳಿತ್ತು.

ಮರದ ಹಿಡಿಗೆ ಹೊನ್ನೆಯ ತುಂಡು ತಂದ. “ಹಸಿ ಐತಿ. ಎರಡು ಮಳಿಗಾಲ ನೆರಳಾಗ ಒಣಗಲಿ.”

ಅದು ಒಣಗುವಷ್ಟರಲ್ಲಿ ಬಂದೂಕಿನ ಕುದುರೆಗೆ, ಅಂದರೆ ಗುಂಡು ಹಾರಿಸುವ ಕೀಲಿಗೆ, ಸ್ಪ್ರಿಂಗು ತಟ್ಟಿ ತಂದ. “ಸಾವಿರ ಸಲ ಎಳದು ಬಿಡು.” ಎಳೆದು ಬಿಟ್ಟ. ಹೆಬ್ಬೆರಳು ಸುಲಿಯಿತು. “ಇನ್ನೊಂದು ಸಾವಿರ.” ಅದೂ ಆಯಿತು. “ಇದು ಆಗೂದಿಲ್ಲ. ಬ್ಯಾರೆ ಮಾಡು.”

ಮೊದಮೊದಲು ಸೋಮಲಿಂಗ ಸುತ್ತಿಗೆ ಎತ್ತಿದಾಗಲೆಲ್ಲ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬರಮಗೌಡನ ತಲೆ ಕಾಣುತ್ತಿತ್ತು. ಬರಬರುತ್ತ ಕಬ್ಬಿಣವಷ್ಟೇ ಕಂಡಿತು. ಅದು ಯಾವಾಗ ಕೆಂಪಾಗುತ್ತದೆ, ಯಾವಾಗ ಮಾತು ಕೇಳುತ್ತದೆ ಎಂದು ನೋಡುವುದರಲ್ಲೇ ಹೊತ್ತು ಮುಳುಗುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವುದು ನಿಂತಿತು.

ಎರಡನೆಯ ವರ್ಷದ ಯುಗಾದಿಗೆ ಈರಣ್ಣ ಹೋಳಿಗೆಯ ಬುತ್ತಿ ಹೊತ್ತು ಬಂದ.

“ಅಣ್ಣಾ, ಯಾವಾಗ ಬರ್ತಿ? ಅಂವಾ ಬದು ಒಡದು ನಮ್ಮ ಹೊಲದಾಗ ಬಂದಾನ. ನೀ ಬಂದೂಕು ಮಾಡಾಕ ಹೋಗಿದ್ದು ಊರಿಗೆಲ್ಲ ಗೊತ್ತಾಗೇತಿ.”

“ತಡಿಯೋ. ಕುದುರಿ ಇನ್ನೂ ಸರಿ ಕುಂತಿಲ್ಲ.”

ಅಜ್ಜ ಕೇಳಿಸಿಕೊಂಡ. ತಿದಿ ಒತ್ತುತ್ತಲೇ ಇದ್ದ.

ಮೂರನೆಯ ವರ್ಷ ಬಂದೂಕು ಮುಗಿಯಿತು. ಹೊಳೆಯ ಮರಳು ದಿಬ್ಬಕ್ಕೆ ಹತ್ತು ಗುಂಡು ಹಾರಿಸಿದರು. ಒಂದೂ ಹುಸಿ ಹೋಗಲಿಲ್ಲ.

“ಈಗ ಹೇಳು. ಯಾರಿಗೆ ಹೊಡಿತಿ?”

ಸೋಮಲಿಂಗ ತನ್ನೊಳಗೆ ಹುಡುಕಿ ನೋಡಿದ.

“ಹಂದಿಗೇರಿ. ನಾಲ್ಕು ಕಾಲಿನ ಹಂದಿಗೆ.”

ಅಜ್ಜ ನಕ್ಕ. ಮೂರು ವರ್ಷದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

“ನೀ ತಂದ ಮೊದಲನೇ ನಳಿಗಿ ಚಲೋನ ಇತ್ತು. ಮೊದಲನೇ ಸ್ಪ್ರಿಂಗೂ ಚಲೋ ಇತ್ತು. ಮೂರು ತಿಂಗಳದಾಗ ಬಂದೂಕು ಮುಗೀತಿತ್ತು. ನಿನ್ನ ಸಿಟ್ಟು ಆರಲಿ ಅಂತ ಹಿಡದಿಟ್ಟೆ.”

ಸೋಮಲಿಂಗ ಅವನ ಪಾದಕ್ಕೆ ಹಣೆ ಹಚ್ಚಿದ. ಕಣ್ಣು ತುಂಬಿ ಬಂತು. ತಾನು ಕೇಳಿದ್ದು ಬಂದೂಕು. ಅಜ್ಜ ಕೊಟ್ಟದ್ದು ಎಷ್ಟು ದೊಡ್ಡದು!

ಊರಿಗೆ ಎರಡು ದಿನದ ದಾರಿ. ನಡೆಯುತ್ತ ಅವನು ಬರಮಗೌಡನಿಗೆ ಆಡಬೇಕಾದ ಮಾತು ಜೋಡಿಸಿಕೊಂಡ. ಒತ್ತಿಕೊಂಡ ಹೊಲ ಇಟ್ಟುಕೋ, ಇಲ್ಲಿಗೆ ಸಾಕು ಮಾಡೋಣ ಎನ್ನಬೇಕು. ಈರಣ್ಣ ಸಿಟ್ಟಾಗುತ್ತಾನೆ, ಅವನಿಗೂ ತಿಳಿಹೇಳಬೇಕು.

ಮನೆಯ ಪಡಸಾಲೆಯಲ್ಲಿ ಅವ್ವ ಒಬ್ಬಳೇ ಕೂತಿದ್ದಳು. ಹಣೆಯ ಮೇಲೆ ವಿಭೂತಿ ಇರಲಿಲ್ಲ.

“ಮಣ್ಣು ಕೊಟ್ಟು ಆರು ದಿನ ಆತು,” ಎಂದಳು.

ಬರಮಗೌಡ ಈರಣ್ಣನನ್ನು ಅದೇ ಬದುವಿನ ಮೇಲೆ ಕಡಿದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಳೆ ದಾಟಿ ಹೋಗಿದ್ದ. ಹೋಗುವಾಗ ಊರ ಬಾಗಿಲಲ್ಲಿ ನಿಂತು ಕೂಗಿ ಹೇಳಿದ್ದನಂತೆ: “ಮೂರು ವರ್ಷ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಯಾವತ್ತು ಬಂದೂಕು ತರ್ತಾನೋ ಅಂತ ಹಗಲೆಲ್ಲ ದಾರಿ ನೋಡೀನಿ. ಅಣ್ಣ ತಮ್ಮ ಇಬ್ಬರೂ ಕೂಡಿದರ ನಾ ಉಳಿಯೂದಿಲ್ಲ. ಅದಕ್ಕ ಒಬ್ಬನ್ನ ಮುಗಿಸೀನಿ.”

ಅವ್ವ ಬಂದೂಕು ನೋಡಿದಳು. ಆಮೇಲೆ ಮಗನ ಮುಖ ನೋಡಿದಳು.

“ಹೋಗು,” ಎಂದಳು.

ಸೋಮಲಿಂಗ ಹೊರಟ. ಹೊಳೆಯವರೆಗೂ ಹೋದ. ದೋಣಿ ಹತ್ತಲಿಲ್ಲ. ದಂಡೆ ಹಿಡಿದು ಆಶ್ರಮಕ್ಕೆ ಬಂದ.

ಬಂದೂಕನ್ನು ಅಜ್ಜನ ಮುಂದಿಟ್ಟು ಎಲ್ಲವನ್ನೂ ಹೇಳಿದ. ಬರಮಗೌಡ ಕೂಗಿದ ಮಾತನ್ನೂ ಬಿಡಲಿಲ್ಲ. ದನಿ ಒಮ್ಮೆಯೂ ಏರಲಿಲ್ಲ.

“ದಾರಿ ತುಂಬ ಸಿಟ್ಟು ಹುಡುಕಿದೆ ಅಜ್ಜಾರ. ಬರವಲ್ದು. ತಮ್ಮ ಮಣ್ಣಾಗ ಅದಾನ, ನನಗ ಸಿಟ್ಟು ಬರವಲ್ದು. ಅವ್ವನ ಮುಂದ ಯಾವ ಮುಖ ಹೊತ್ತು ನಿಲ್ಲಲಿ?”

ಅಜ್ಜ ಬಂದೂಕನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ.

“ನೀವು ಗುರುಗಳು. ಏನರೆ ಹೇಳ್ರಿ.”

ಅಜ್ಜ ಎದ್ದು, ಹೆಗಲ ಮೇಲಿನ ಕಾವಿ ಬಟ್ಟೆ ತೆಗೆದು ನೆಲಕ್ಕಿಟ್ಟು, ಶಿಷ್ಯನ ಕಾಲು ಮುಟ್ಟಿದ.

“ನಿನ್ನ ಸಿಟ್ಟು ಆರೂತನಕ ಕಾದೆ. ಅಷ್ಟು ದಿನಾನೂ ಅವನ ಅಂಜಿಕಿ ಕುದಿಯಾಕತ್ತಿತ್ತು ಅನ್ನೂದು ನನಗ ಹೊಳೀಲೇ ಇಲ್ಲ.”