ಗಾರೆಯವನ ನುಣುಪು ನೆಲ

"ಗುರುಗಳೇ, ಮನೆ ಕಟ್ಟುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ನೆರೆಗೆ ಬಿದ್ದ ಮನೆಗಳನ್ನು ಕಟ್ಟಿಕೊಡಲು ಹೊರಟರೆ, ಹತ್ತು ಜನರೊಡನೆ ಕೂತು ಮಾತಾಡು ಎನ್ನುತ್ತೀರಿ. ನನ್ನ ಕೆಲಸ ಅವರಿಗೇನು ಗೊತ್ತು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ಕೂತುಕೋ, ಒಂದು ಕತೆ ಕೇಳು" ಎಂದರು.

ಒಂದು ಊರಿನ ನೇಕಾರರ ಬೀದಿಗೆ ಹೊಳೆ ನುಗ್ಗಿತು. ಮನೆ ಹೋಯಿತು, ಮಗ್ಗ ಹೋಯಿತು. ಪುಣ್ಯಕ್ಕೆ ಜೀವ ಉಳಿಯಿತು. ಹಬ್ಬದ ಸೀರೆ ನೇಯದಿದ್ದರೆ ಅವರಿಗೆ ವರ್ಷದ ಅನ್ನವಿಲ್ಲ. ಬೇಗ ಮಗ್ಗ ಹೂಡಲಾಗದಿದ್ದರೆ ಊರು ಬಿಡುವುದೇ ಸರಿ ಎಂದು ಬೀದಿಯವರೆಲ್ಲ ಗಂಟುಮೂಟೆ ಕಟ್ಟಿ ಕೂತಿದ್ದರು. ಊರಿನ ಹಿರಿಯರು ಮನೆ ಕಟ್ಟಲು ಒಬ್ಬ ಗಾರೆಯವನನ್ನು ಕರೆಸಿದರು. ಮಗ್ಗ ಮಾಡಲು ಬಡಗಿಗೆ ಹೇಳಿದರು.

ಗಾರೆಯವನು ಎಂಥವನು ಅಂತೀಯ! ಅವನು ತಿಕ್ಕಿದ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವನದೊಂದು ಪದ್ಧತಿ: ಕೆಲಸ ಮುಗಿಯುವ ತನಕ ಯಾರನ್ನೂ ಹೊಸಿಲು ದಾಟಲು ಬಿಡನು. ಅಳತೆ ತೆಗೆಯಲು ಬಂದ ಬಡಗಿಯನ್ನೂ ಗದರಿಸಿ ಕಳಿಸಿದ. ಮನೆಯೊಡತಿಯನ್ನೂ ಬಿಡಲಿಲ್ಲ.

ಮೊದಲ ಮನೆ ಮುಗಿಯಿತು. ಅವನು ಎದೆಯುಬ್ಬಿಸಿ ಬಾಗಿಲಲ್ಲಿ ನಿಂತ. ಬಡಗಿ ಮಗ್ಗ ಹೊತ್ತು ತಂದ. ನೇಯಲು ಬಂದ ಮನೆಯೊಡತಿ ನೆಲ ನೋಡಿ ಹಾಗೇ ನಿಂತುಬಿಟ್ಟಳು.

"ಅಣ್ಣಾ, ನೆಲವೇನೋ ಚೆನ್ನಾಗಿದೆ. ನಾನು ಕಾಲು ಎಲ್ಲಿ ಇಡಲಿ?"

ಅವರದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಈ ಮಹಾರಾಯ ಆ ಗುಂಡಿಯನ್ನು ನೆರೆ ಕೊರೆದ ಹೊಂಡವೆಂದು ತಿಳಿದು, ಮುಚ್ಚಿ, ಅದರ ಮೇಲೆ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದ!

ಹೊರಗಿದ್ದ ನೇಕಾರರು, ಇದು ಆಗದ ಮಾತು ಎಂದು ಗಂಟು ಎತ್ತತೊಡಗಿದರು. ಮೊದಲೇ ಹೇಳಬಾರದಿತ್ತೇ ಎಂದು ರೇಗಲು ಗಾರೆಯವನು ಬಾಯಿ ತೆರೆದ. ತಾನು ಯಾರನ್ನೂ ಒಳಗೆ ಬಿಟ್ಟಿರಲಿಲ್ಲ ಎಂಬುದು ನೆನಪಾಯಿತು. ನಾಚಿಕೆಯಾಯಿತು. ಹೋಗಿ ಹಾರೆ ತಂದ.

"ಎಲ್ಲಿ ಅಗೆಯಲಿ, ಕೂತು ತೋರಿಸು ತಾಯಿ" ಎಂದ.

ಅವಳು ಕೂತು ತೋರಿಸಿದಳು. ಬಡಗಿ ಮಗ್ಗ ಹಿಡಿದು ಅಳತೆ ಹೇಳಿದ. ಗಾರೆಯವನು ತಾನು ಮಾಡಿದ ನೆಲವನ್ನು ತನ್ನ ಕೈಯಾರೆ ಒಡೆದ. ಗಂಟು ಎತ್ತಿದವರು ಕೆಳಗಿಳಿಸಿದರು.

ಮುಂದಿನ ಮನೆಗಳಲ್ಲಿ ಗಾರೆಯವನು, ಬಡಗಿ, ಆಯಾ ಮನೆಯೊಡತಿ ಮೂವರೂ ಮೊದಲು ಬರೀ ಮಣ್ಣಿನ ಮೇಲೆ ಕೂತು ಮಾತಾಡಿದರು. ಜಗಳವೂ ಆಯಿತೆನ್ನು. ಆದರೂ ಹಬ್ಬಕ್ಕೆ ಮೊದಲೇ ಬೀದಿಯ ತುಂಬ ಮಗ್ಗದ ಸದ್ದು! ಒಂದು ಸಂಸಾರವೂ ಊರು ಬಿಡಲಿಲ್ಲ. ಪರವೂರಿನವರು ನೋಡಲು ಬಂದರೆ, ಗಾರೆಯವನು ಅವರನ್ನು ಕೈಹಿಡಿದು ಮೊದಲ ಮನೆಗೇ ಕರೆದೊಯ್ಯುತ್ತಿದ್ದ. ಅಂಚು ಒರಟಾಗಿದ್ದ ಆ ಗುಂಡಿಯನ್ನು ತೋರಿಸಿ, "ಇದು ನಾವು ಮೂವರು ಮಾಡಿದ್ದು" ಎನ್ನುತ್ತಿದ್ದ. ಅವನ ಹೆಮ್ಮೆಗೆ ಆ ಬೀದಿ ಸಾಲುತ್ತಿರಲಿಲ್ಲ.

"ಅಷ್ಟು ಚೆಂದದ ನೆಲ ಒಡೆದುಹೋಯಿತಲ್ಲ ಗುರುಗಳೇ, ಅದರಲ್ಲಿ ಹೆಮ್ಮೆಯೇನು?" ಎಂದ ಶಿಷ್ಯ.

ಗುರುಗಳು ಹೇಳಿದರು: "ಅಲ್ಲಿಯವರೆಗೆ ಅದು ಬರೀ ನೆಲವಪ್ಪಾ, ಅವಳು ಕಾಲು ಇಳಿಬಿಟ್ಟ ಮೇಲೆ ಮನೆಯಾಯಿತು."