ಏಳನೆಯ ಬುಷ್

ಮೌನೇಶಾಚಾರ್ರಿಗೆ ಮೌನ ಇದ್ದದ್ದು ಹೆಸರಿನಲ್ಲಿ ಮಾತ್ರ.

ತುಂಗಭದ್ರೆಯ ದಂಡೆಯ ಮೇಲೆ ಅವರ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಲೇತು. ಹಳೆಯ ಕಾರುಗಳಿಗೆ ಎಲ್ಲೂ ಸಿಗದ ಭಾಗಗಳನ್ನು ನಲವತ್ತು ವರ್ಷ ಅದರಲ್ಲೇ ಕಡೆದುಕೊಟ್ಟವರು. ಈಗ ಕಣ್ಣಿಗೆ ಪೊರೆ ಬಂದಿತ್ತು. ಬೆರಳು ಇನ್ನೂ ಚುರುಕಾಗಿದ್ದವು, ನಾಲಿಗೆ ಅದಕ್ಕಿಂತ ಚುರುಕು.

ಅವರಲ್ಲಿ ಕಲಿಯಲು ಬಂದವನು ಹಾಲೇಶ, ನಲವತ್ತಾರು ವಯಸ್ಸಿನ ಗಣಿತದ ಮೇಷ್ಟ್ರು. ಅವನಪ್ಪ ಮೂವತ್ತು ವರ್ಷ ಓಡಿಸಿದ್ದ ಕಾರು ಕ್ಲಚ್ ಕೆಟ್ಟು ನಿಂತಿತ್ತು. ಯುಗಾದಿಯೊಳಗೆ ಅದು ತಾನೇ ಓಡಿಕೊಂಡು ಮನೆಗೆ ಬರದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ತಮ್ಮ ಹೇಳಿಬಿಟ್ಟಿದ್ದ. ಹಾಲೇಶ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ಆಚಾರ್ರ ಅಂಗಳಕ್ಕೆ ಎಳೆತಂದ.

ಬೇಕಾಗಿದ್ದದ್ದು ಒಂದೇ ಒಂದು ಬುಷ್. ಹೆಬ್ಬೆರಳು ಗಾತ್ರದ ಕಂಚಿನ ಕೊಳವೆ. ಕ್ಲಚ್ಚಿನ ಶಾಫ್ಟಿನ ಮೂತಿ ಅದರೊಳಗೆ ಕೂತು ತಿರುಗಬೇಕು. ಕೂದಲೆಳೆಯಷ್ಟು ಓರೆಯಾದರೂ ಕೆಲಸ ಕೆಟ್ಟಿತು.

ಮೊದಲ ದಿನ ಹಾಲೇಶ ನೋಟ್‌ಬುಕ್ ತೆರೆದು ಕೂತ.

"ಆಚಾರ್ರೇ, ಕ್ಲಚ್ಚಿನ ತತ್ವ ಏನು?"

"ತತ್ವ ಅಂತೆ! ಕಾಲಲ್ಲಿ ಒತ್ತಿ ಹಿಡಿದ್ರೆ ಅದು ಒಳಗೆ ಬಿಡ್ತತಿ. ಕಾಲು ಬಿಟ್ರೆ ಒಳಗೆ ಹಿಡೀತತಿ. ಅಷ್ಟೇ."

"ಮತ್ತೆ ಲೇತಿನ ಕೆಲಸಕ್ಕೆ?"

"ತುಂಡು ಹಿಡಿದು ತಿರುಗಿಸ್ತತಲ್ಲ ಚಕ್ಕು, ಅದರ ಹಲ್ಲಿಗೆ ಒಮ್ಮೆ ಕಚ್ಚಿಸಿದ ಕಂಚನ್ನ ಕೆಲಸ ಮುಗಿಯೋ ತನಕ ಬಿಚ್ಚಬ್ಯಾಡ. ಬಿಚ್ಚಿದ್ರೆ ಮತ್ತೆ ಅದೇ ನಡುವಿಗೆ ಕೂರಂಗಿಲ್ಲ."

ಹಾಲೇಶ ಎರಡನ್ನೂ ಬರೆದುಕೊಂಡ. ಎರಡನೆಯದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ.

ಮೊದಲ ಬುಷ್ ಓರೆಯಾಯಿತು. ಎರಡನೆಯದೂ ಓರೆ. ಹೀಗೇ ಐದು ಹಾಳಾದವು.

ಆರನೆಯದನ್ನು ಅರ್ಧ ಕಡೆದು, ಬಟ್ಟೆಯಲ್ಲಿ ಒರೆಸಿ, ಕಟ್ಟೆಯ ಮೇಲೆ ಕೂತಿದ್ದ ಆಚಾರ್ರ ಅಂಗೈಗೆ ಇಟ್ಟ.

"ಒಂಚೂರು ಮುಟ್ಟಿ ನೋಡ್ರಿ ಆಚಾರ್ರೇ. ಇಲ್ಲೀ ತನಕ ಸರಿ ಐತಾ?"

ಆಚಾರ್ರು ಬೆರಳಾಡಿಸಿದರು. "ಸರಿ ಇತ್ತು."

"ಇತ್ತು ಅಂದ್ರೆ?"

"ಬಿಚ್ಚೋ ತನಕ ಸರಿ ಇತ್ತು! ಬಿಚ್ಚಬ್ಯಾಡ ಅಂದಿದ್ನೋ ಇಲ್ಲೋ?"

"ಬಿಚ್ಚಿಲ್ಲ ಆಚಾರ್ರೇ. ನಿಮಗೆ ತೋರ್ಸೋಕೆ ತಂದೆ, ಅಷ್ಟೇ."

ಆಚಾರ್ರು ಎರಡೂ ಕೈಯಿಂದ ಹಣೆ ಹಣೆ ಚಚ್ಚಿಕೊಂಡರು.

"ಆರು ಸಲ! ಆರು ಸಲ ತೋರ್ಸೋಕೆ ತಂದ್ರಿ! ನಾನೇನು ನಿಮ್ಮ ಪಟ್ಟಿಗೆ ರೈಟ್ ಹಾಕೋಕೆ ಕುಂತೀನೇನ್ರೀ ಮೇಷ್ಟ್ರೇ?"

ಸಿಟ್ಟು ನೆತ್ತಿಗೇರಿದರೆ ಆಚಾರ್ರು ಬಹುವಚನಕ್ಕೆ ಹೋಗುತ್ತಿದ್ದರು. ಅದರ ಮುಂದೆ ಬೈಗುಳವೇ ವಾಸಿ.

ಪಾಪ, ಇಪ್ಪತ್ತೆರಡು ವರ್ಷ ಮಕ್ಕಳ ಲೆಕ್ಕಕ್ಕೆ ರೈಟ್ ಹಾಕಿದವನು. ತನಗೂ ಯಾರಾದರೂ ಹಾಕದೆ ಮುಂದಿನ ಸಾಲಿಗೆ ಹೋಗುವುದು ಅವನಿಗೆ ಗೊತ್ತೇ ಇರಲಿಲ್ಲ. ಪಾಪ ಅಂದಮಾತ್ರಕ್ಕೆ ಕಂಚು ಮರಳಿ ಬರುತ್ತದೆಯೇ?

ಹಾಲೇಶ ಬಗ್ಗಿ ಆಚಾರ್ರ ಕಾಲು ಹಿಡಿದುಕೊಂಡ. "ಇನ್ನೊಂದು ಸಲ ಕೊಡ್ರಿ."

"ಕಾಲು ಬಿಡ್ರಿ."

"ಬಿಡಂಗಿಲ್ಲ. ಅಪ್ಪನ ಕಾರು ಗುಜರಿಗೆ ಹೋಕತಿ ಆಚಾರ್ರೇ."

ಆಚಾರ್ರು ಕಾಲು ಬಿಡಿಸಿಕೊಂಡರು. ಆಮೇಲೆ ಎದ್ದು ಹೋಗಿ ಒಂದು ಕಂಚಿನ ತುಂಡು ತಂದು ಅವನ ಮುಂದೆ ಕುಕ್ಕಿದರು.

"ಹೊಳೆ ಪಂಪಿನ ಹಳೇ ಕಂಚು. ಇದೇ ಕೊನೇದು. ಇದೂ ಕೆಟ್ರೆ ಗುಜರಿಯವಂಗೆ ನಾನೇ ಹೇಳಿ ಕಳಿಸ್ತೀನಿ."

ಮಾರನೆಯ ದಿನ ಬೆಳಿಗ್ಗೆ ಹಾಲೇಶ ಅದನ್ನು ಚಕ್ಕಿಗೆ ಕಚ್ಚಿಸಿದ. ಬಿಗಿದ ಸದ್ದು ಕೇಳಿದ ಕೂಡಲೇ ಆಚಾರ್ರು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟರು.

"ಎಲ್ಲಿಗೆ ಆಚಾರ್ರೇ?"

"ಹೊಳೆಗೆ. ಜಳಕಕ್ಕೆ."

"ಎಷ್ಟೊತ್ತು?"

"ನಿನ್ನ ಕೆಲಸ ಮುಗಿಯೋವಷ್ಟೊತ್ತು."

ಅರ್ಧ ಕಡೆದದ್ದಾಯಿತು. ಹಾಲೇಶ ಲೇತು ನಿಲ್ಲಿಸಿದ. ಕೈ ತಾನಾಗಿಯೇ ಬಿಚ್ಚುವ ಕೀಲಿಯ ಕಡೆ ಹೋಯಿತು. ಆದರೆ ತೋರಿಸುವುದು ಯಾರಿಗೆ? ತುಂಡನ್ನು ಚಕ್ಕಿನಲ್ಲೇ ಬಿಟ್ಟು ದಂಡೆಗೆ ಓಡಿದ.

ಆಚಾರ್ರು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು.

"ಆಚಾರ್ರೇ! ಇನ್ನೊಂದು ಕೂದಲೆಳೆ ತೆಗೀಲಾ?"

ಆಚಾರ್ರು ಮೂಗು ಹಿಡಿದು ಮುಳುಗಿದರು.

ಎದ್ದರು. "ಆಚಾರ್ರೇ, ಕೇಳಿಸ್ತಾ?"

ಮತ್ತೆ ಮುಳುಗಿದರು.

"ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ!"

ಮೂರನೆಯ ಮುಳುಗು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಕ್ಕಳು. "ಅಜ್ಜಗೆ ನೆಗಡಿ ಆಕತಿ, ಸಾಕು ಬಿಡ್ರಿ ಮೇಷ್ಟ್ರೇ."

ಹಾಲೇಶನ ತಾಳ್ಮೆ ತಪ್ಪಿತು.

"ಮುಳುಗ್ರಿ! ಅಲ್ಲೇ ಇರ್ರಿ! ನೀವೂ ಬ್ಯಾಡ, ನಿಮ್ಮ ರೈಟೂ ಬ್ಯಾಡ!"

ದಾಪುಗಾಲು ಹಾಕಿ ಬಂದವನೇ ಲೇತು ಚಾಲೂ ಮಾಡಿದ. ತೆಗೆದ, ನಿಲ್ಲಿಸಿದ, ಅಳೆದ, ಮತ್ತೆ ತೆಗೆದ. ಕೊನೆಗೆ ಶಾಫ್ಟನ್ನೇ ಎತ್ತಿ ತಂದು ಅದರ ಮೂತಿಯನ್ನು ಬುಷ್ಷಿಗೆ ಹಿಡಿದ. ಸದ್ದಿಲ್ಲದೆ ಒಳಗೆ ಹೋಯಿತು. ಹೇಳಿಕೊಳ್ಳೋಣವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಗ ಚಕ್ಕು ಬಿಚ್ಚಿದ.

ಗೇರ್‌ಬಾಕ್ಸ್ ಎತ್ತಿ ಕೂರಿಸಲು ನಾಲ್ಕು ದಿನ ಹಿಡಿಯಿತು. ಆಚಾರ್ರು ಬುಷ್ ತೋರಿಸು ಅನ್ನಲಿಲ್ಲ. ಹಾಲೇಶನಿಗೆ ಸಿಟ್ಟು ಇಳಿದಿರಲಿಲ್ಲ, ಅವನೂ ತೋರಿಸಲಿಲ್ಲ.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಕೂತರು. ಎಂಜಿನ್ ಕೆಮ್ಮಿ, ಹೊಗೆ ಕಾರಿ, ಚಾಲೂ ಆಯಿತು. ಹಾಲೇಶ ಕ್ಲಚ್ ಒತ್ತಿ ಹಿಡಿದ. ಗೇರು ಮೆತ್ತಗೆ ಬಿತ್ತು.

ಆದರೆ ಒತ್ತಿದ ಕಾಲು ಮೇಲೆ ಬರಲಿಲ್ಲ. ಅದುರಿದರೆ? ಬುಷ್ ಒಡೆದರೆ? ಇನ್ನು ಕಂಚಿಲ್ಲ, ದಿನವೂ ಇಲ್ಲ. ನಾಲ್ಕು ದಿನ ಕಾಪಾಡಿಕೊಂಡು ಬಂದ ಸಿಟ್ಟು ಎತ್ತಲೋ ಹೋಯಿತು.

"ಆಚಾರ್ರೇ... ಬಿಡಲಾ?"

ಆಚಾರ್ರು ಬಾಗಿಲು ತೆರೆದು ಇಳಿದರು. ದಢಾರನೆ ಹಾಕಿದರು. ಗೋಡೆ ತಡವುತ್ತ ಹೋಗಿ ಅಂಗಳದ ಗೇಟನ್ನು ಅಗಲಕ್ಕೆ ತೆರೆದರು. ಹಿಂತಿರುಗಿ ನೋಡದೆಯೇ ಹೇಳಿದರು:

"ಕಾಲು ಬಿಡಪ್ಪಾ. ಹಿಡೀತತಿ."